ಗುಂಗುರು ಕೂದಲಿನ ಹರಕೆ

ನನಗೆ ಹಟ ಜಾಸ್ತಿ. ಇದನ್ನು ನಾನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ, ಏಕೆಂದರೆ ಬೇರೆಯವರು ಹೇಳುವಾಗ ಅವರ ದನಿಯಲ್ಲಿ ಅಷ್ಟು ಹೆಮ್ಮೆ ಇರುವುದಿಲ್ಲ. ಈ ಸಲ ಹಟ ಹಿಡಿದದ್ದು ನನ್ನ ಗುಂಗುರು ಕೂದಲಿನ ವಿಷಯದಲ್ಲಿ. ಮೈಸೂರಿನ ಶಾಲೆಯಲ್ಲಿ ಅದಕ್ಕೆ ‘ಪೊದೆ’ ಎಂದು ಹೆಸರಿಟ್ಟಿದ್ದರು. ಅಮೆರಿಕದಲ್ಲಿ ಡಾಲಸ್ ಪಕ್ಕದ ಯೂಲೆಸ್‌ಗೆ ಬಂದ ಮೇಲೆ ದಿನಾ ಬೆಳಿಗ್ಗೆ ಅದಕ್ಕೆ ಬಿಸಿ ಇಸ್ತ್ರಿ ಹಾಕಿ ನೆಟ್ಟಗೆ ಮಾಡಿಕೊಂಡೇ ಆಫೀಸಿಗೆ ಹೊರಡುತ್ತಿದ್ದೆ. ಆ ವಾಸನೆಗೆ ನಮ್ಮವರು “ದ್ವಾಸಿ ಹೊತ್ತಿತೇನು?” ಎಂದು ಓಡಿಬರುತ್ತಿದ್ದರು. ನಮ್ಮ ಮನೆಯಲ್ಲಿ ಬೆಳಿಗ್ಗೆ ದೋಸೆ ಮಾಡುವುದಿಲ್ಲ ಎನ್ನುವುದು ಅವರಿಗೆ ಹತ್ತು ವರ್ಷದಿಂದ ಗೊತ್ತಿತ್ತು.

ಡಾಲಸ್ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಮೋನಿಕಾ ಒಂದು ದಿನ ತಾನು ಓದುವ ವೆಬ್ ಪತ್ರಿಕೆ ತೋರಿಸಿದಳು. ಆಫ್ರಿಕನ್-ಅಮೆರಿಕನ್ ಹೆಂಗಸರಿಗಾಗಿ ಅವರೇ ಹ್ಯೂಸ್ಟನ್‌ನಿಂದ ನಡೆಸುವ ಪತ್ರಿಕೆ. ಅಡುಗೆ, ನೌಕರಿ, ಮದುವೆ, ಕಪ್ಪು ಮೈಬಣ್ಣಕ್ಕೆ ಒಪ್ಪುವ ಲಿಪ್‌ಸ್ಟಿಕ್, ಎಲ್ಲ ಇತ್ತು. ಅರ್ಧಕ್ಕರ್ಧ ಕೂದಲಿನ ಮಾತೇ. “ನಿಮ್ಮ ಕೂದಲಿಗೆ ಏನೂ ಆಗಿಲ್ಲ, ಅದರ ಪಾಡಿಗೆ ಬಿಡಿ” ಎಂದು ಓದಿದಾಗ ನಿಜವಾಗಿ ಕಣ್ಣು ತುಂಬಿತು. ನಲವತ್ತು ವರ್ಷದಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಅಂದೇ ತೀರ್ಮಾನಿಸಿದೆ: ಆರು ತಿಂಗಳು ಇಸ್ತ್ರಿ ಇಲ್ಲ, ಕತ್ತರಿ ಇಲ್ಲ, ಒಣಕೂದಲಿಗೆ ಬಾಚಣಿಗೆ ಇಲ್ಲ. ಓದುಗರ ಪುಟಕ್ಕೆ ಫೋಟೊ ಸಮೇತ ಪತ್ರ ಬರೆಯುತ್ತೇನೆಂದು ಮೋನಿಕಾಗೆ ಮಾತೂ ಕೊಟ್ಟೆ.

ಅಷ್ಟರಲ್ಲಿ ಹುಬ್ಬಳ್ಳಿಯಿಂದ ಅತ್ತೆ ಬಂದರು. ಅವರನ್ನು ಎದುರಿಸಲು ಉತ್ತರಗಳನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಅವರು ಎರಡು ದಿನ ನನ್ನ ತಲೆಯನ್ನು ಸುಮ್ಮನೆ ನೋಡಿದರು. ಮೂರನೆಯ ದಿನ ಮೆಲ್ಲಗೆ, “ತಿಮ್ಮಪ್ಪಗ ಮುಡಿ ಕೊಡ್ತೀನಂತ ಹರಕಿ ಹೊತ್ತೀಯೇನವಾ?” ಎಂದರು. ಹೆಂಗಸು ತಲೆಗೆ ಬಾಚಣಿಗೆ, ಕತ್ತರಿ ತಾಗಿಸದೆ ಹೀಗೆ ಕೆದರಿಕೊಂಡು ಬಿಡುವುದಕ್ಕೆ ಅವರಿಗೆ ಗೊತ್ತಿದ್ದ ಕಾರಣ ಅದೊಂದೇ. ಬಾಯಿಪಾಠವೆಲ್ಲ ಮರೆತು ಹೌದೆಂದು ತಲೆಯಾಡಿಸಿಬಿಟ್ಟೆ.

ಆಮೇಲೆ ಸುಖವೋ ಸುಖ. ಸೌತ್‌ಲೇಕ್‌ನ ಪಾರ್ಲರಿಗೆ ಹೋಗು ಎಂದು ಪೀಡಿಸುತ್ತಿದ್ದ ದೇವಸ್ಥಾನದ ಆಂಟಿಯರು ಅತ್ತೆಯಿಂದ ಹರಕೆಯ ಸುದ್ದಿ ಕೇಳಿ “ಒಳ್ಳೇದಾಗ್ಲಿ ಕಣಮ್ಮ” ಎಂದು ಹರಸತೊಡಗಿದರು. ಅದೇ ಹುರುಪಿನಲ್ಲಿ ಪತ್ರ ಬರೆದು ಕಳಿಸಿದೆ. ಅತ್ತೆಯೆದುರು ತಲೆಯೆತ್ತಿ ನಿಂತು “ಇದು ನನ್ನ ಕೂದಲು” ಎಂದು ಸಾರಿದ ಪ್ರಸಂಗಕ್ಕೇ ಎರಡು ಪ್ಯಾರಾ ಹಿಡಿಯಿತು.

ಒಂದು ಭಾನುವಾರ ಕಾಫಿ ಕುಡಿಯುತ್ತ ಅತ್ತೆ, “ಡಿಸೆಂಬರಿನಾಗ ಊರಿಗೆ ಬರ್ತೀರಲ್ಲ, ತಿರುಪತಿಗೆ ಹೋಗಿ ಮುಡಿ ಕೊಟ್ಟು ಬರೋಣು. ನಿನ್ನ ಗಂಡಗ ಹೇಳೀನಿ” ಎಂದರು. ನನ್ನ ಕೈ ತಾನಾಗಿ ತಲೆಯ ಮೇಲೆ ಹೋಯಿತು. ಇನ್ನು ಸುಮ್ಮನಿದ್ದರೆ ಬೋಳುತಲೆಯೇ ಗತಿ. ಹಟವನ್ನೆಲ್ಲ ಒಟ್ಟುಗೂಡಿಸಿ, “ಹರಕೆ ಏನೂ ಇಲ್ಲ ಅತ್ತೆ. ನನ್ನ ಕೂದಲೇ ಹೀಗೆ, ನಂಗೆ ಹೀಗೇ ಇಷ್ಟ” ಎಂದೆ.

ಅತ್ತೆ ಲೋಟ ಕೆಳಗಿಟ್ಟರು. “ಮೊದಲಽ ಹೇಳಬಾರದೇನು? ಬಂದ ದಿನದಿಂದ ಚಂದ ಕಾಣ್ತದ ಅನ್ನಬೇಕಂತ ಮಾಡಿದ್ದೆ. ಹರಕಿ ಕೂದಲಕ್ಕ ನನ್ನ ದೃಷ್ಟಿ ತಾಕಬಾರದಂತ ಬಾಯಿ ಮುಚ್ಚಿಕೊಂಡು ಕೂತೆ” ಎಂದರು.

ಅದೇ ವಾರ ಪತ್ರಿಕೆಯಲ್ಲಿ ನನ್ನ ಪತ್ರ ಬಂತು. ಅತ್ತೆ ಫೋಟೊ ನೋಡಿ ಹಿಗ್ಗಿ, “ಇಂಗ್ಲಿಷಿನಾಗ ಏನ ಬರ್ದೀ, ಕನ್ನಡದಾಗ ಓದಿ ಹೇಳು” ಎಂದು ಪಕ್ಕಕ್ಕೇ ಬಂದು ಕೂತರು. ಆ ಎರಡು ಪ್ಯಾರಾ ಬಂದಾಗ ನಾನು ಗಂಟಲು ಸರಿಮಾಡಿಕೊಂಡು, ತಲೆಯೆತ್ತಿ ನಿಂತು “ಇದು ನನ್ನ ಸೊಸೆಯ ಕೂದಲು” ಎಂದು ಊರಿಗೆಲ್ಲ ಸಾರಿದವರು ಅತ್ತೆಯೇ ಎಂದು ತಿರುಗಿಸಿ ಓದಿ ಹೇಳಿದೆ.