ಗರ್ಭ ಬಿಟ್ಟ ಕಂಠ

ಕನ್ನಡ ನನ್ನ ಮಾತೃಭಾಷೆ ಎಂದು ಹೇಳಿಕೊಳ್ಳುವುದು ಸುಲಭ; ಅದರ ಕೆಲವು ಪದಗಳನ್ನು ಮಾತೆಯ ಎದುರು ಆಡುವುದು ಮಾತ್ರ ನನ್ನಿಂದಾಗದು. ಅಂಥ ಪದ ಬಂದಾಗಲೆಲ್ಲ ಇಂಗ್ಲಿಷಿಗೆ ಹಾರಿಬಿಡುತ್ತೇನೆ. ಅಮ್ಮನಿಗೆ ಇಂಗ್ಲಿಷ್ ಬಾರದು ಎಂಬುದೇ ತೊಡಕು. ಮೈಸೂರಿನಿಂದ ಸಮುದ್ರ ದಾಟಿ ಬಂದಿದ್ದ ಅಮ್ಮ ಮೊನ್ನೆ ನಮ್ಮ ಸರಟೋಗಾದ ಅಡುಗೆಮನೆಯಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಾ, "ಇಳಾಗೆ ನಾಳೆ ಯಾವ್ದೋ ಇಂಜೆಕ್ಷನ್ನಂತಲ್ಲೋ, ಯಾತಕ್ಕೆ?" ಎಂದಳು. ಕೊತ್ತಂಬರಿಯೋ ಮೆಂತ್ಯವೋ, ಖಚಿತವಿಲ್ಲ. ಅಮ್ಮ ಕಷ್ಟದ ಪ್ರಶ್ನೆ ಕೇಳಿದಾಗಲೆಲ್ಲ ನನ್ನ ನೆನಪು ಅವಳ ಕೈಗೊಂದು ಸೊಪ್ಪು ಕೊಟ್ಟುಬಿಡುತ್ತದೆ.

ವಿಷಯ ಸರಳ. ಎಚ್‌ಪಿವಿ ಎಂಬ ವೈರಸ್ಸು ಮುಂದೆಂದೋ ಗರ್ಭಕಂಠದ ಕ್ಯಾನ್ಸರ್ ತರಬಹುದು. ಹನ್ನೊಂದು ಹನ್ನೆರಡರಲ್ಲೇ, ಅಂದರೆ ನನ್ನ ಮಗಳು ಇಳಾಳ ವಯಸ್ಸಿನಲ್ಲೇ, ಲಸಿಕೆ ಹಾಕಿಸಿದರೆ ಅದನ್ನು ಬಹುಮಟ್ಟಿಗೆ ತಡೆಯಬಹುದು. ಆ ಸೋಂಕು ಹೇಗೆ ಹರಡುತ್ತದೆ ಎಂಬುದು ಮಾತ್ರ ಸೊಪ್ಪು ಬಿಡಿಸುತ್ತಾ ಆಡುವ ಮಾತಲ್ಲ. "ಅತ್ತೆಗೆ ನೀವೇ ಹೇಳಿ, ನಿಮ್ಮಮ್ಮ ತಾನೆ" ಎಂದು ಹೆಂಡತಿ ಬೆಳಿಗ್ಗೆಯೇ ಎಮರಿವಿಲ್ಲಿನ ಆಫೀಸಿಗೆ ಪಾರಾಗಿದ್ದಳು. ನಾನು ಬಾಯಿ ತೆರೆದೆ. ‘ಗರ್ಭ’ ನಾಲಿಗೆಯಲ್ಲೇ ಉಳಿಯಿತು. "ಕಂಠದ ಕ್ಯಾನ್ಸರ್ ಬರದೇ ಇರ್ಲಿ ಅಂತ ಅಮ್ಮ" ಎಂದೆ. ಅರ್ಧ ಪದ ನುಂಗಿದರೆ ಅರ್ಧ ಸುಳ್ಳಷ್ಟೇ ಆದೀತು ಎಂದುಕೊಂಡಿದ್ದೆ.

"ಗಂಟಲಿಗಾ? ಹಾಡೋ ಮಗು ಕಣೋ ಅದು! ಮೋಹನ ರಾಗ ಈಗ ತಾನೆ ಗಂಟಲಲ್ಲಿ ಕೂರ್ತಾ ಇದೆ, ಅಲ್ಲಿಗೇ ಸೂಜಿ ಚುಚ್ಚಿಸ್ತೀಯಾ?" ಪಕ್ಕದಲ್ಲಿ ಹೋಮ್‌ವರ್ಕು ಮಾಡುತ್ತಿದ್ದ ಇಳಾ ತಲೆಯೆತ್ತಿದಳು. ಅವಳು ಕನ್ನಡ ಆಡುವುದಿಲ್ಲ. ಆದರೆ ಗಂಟಲು, ಸೂಜಿ ಎರಡೂ ಒಟ್ಟಿಗೆ ಬಂದರೆ ವ್ಯಾಕರಣಸಮೇತ ಅರ್ಥವಾಗುತ್ತದೆ. "ಇನ್ ಮೈ ಥ್ರೋಟ್? ನೋ ವೇ, ಅಪ್ಪಾ!"

ಮರುದಿನ ಸ್ಯಾನ್ ಹೊಸೆಯ ಕ್ಲಿನಿಕ್ಕಿನೆದುರು ಅಜ್ಜಿ ಮೊಮ್ಮಗಳಿಬ್ಬರೂ ಕಾರಿನ ಹಿಂದಿನ ಸೀಟಿನಲ್ಲಿ ಮುಷ್ಕರ ಹೂಡಿದರು. "ಮಗು ಬೇಡ ಅಂತಿದೆ, ವಾಪಸ್ ನಡಿ" ಎಂದಳು ಅಮ್ಮ. ಹೆಂಡತಿಗೆ ಫೋನು ಮಾಡಿದೆ. "ಇವತ್ತು ತಪ್ಪಿಸಿದ್ರೆ ನೀವು ಇನ್ಯಾವತ್ತೂ ಹಾಕ್ಸಲ್ಲ, ಗೊತ್ತು ನಂಗೆ" ಎಂದು ಇಟ್ಟಳು. ಸೂಜಿ ತೋಳಿಗೇ ಎಂದು ಆಣೆಯಿಟ್ಟು ಅವರನ್ನು ಒಳಗೆ ಕರೆದೊಯ್ದೆ. "ಗಂಟಲಿನ ಕಾಯಿಲೆಗೆ ತೋಳಿಗ್ಯಾಕೆ ಚುಚ್ತಾರೆ, ಕೇಳು" ಎಂದಳು ಅಮ್ಮ. ಕೇಳಿದೆ. ಡಾಕ್ಟರಮ್ಮ ಗೊಂದಲಗೊಂಡು, ಇದು ಮುಖ್ಯವಾಗಿ ಯಾವ ಅಂಗಕ್ಕೆ ಎಂಬುದನ್ನು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಉಚ್ಚರಿಸಿ, ಅಜ್ಜಿಗೆ ತಿಳಿಸಿ ಎಂದರು. ಮೂವರೂ ನನ್ನ ಬಾಯಿಯನ್ನೇ ನೋಡಿದರು.

"ಅದೇ ಅಮ್ಮ... ಗರ್..."

"ಗರ್ಭಕಂಠ ತಾನೆ? ಅಷ್ಟು ಹೇಳೋಕೆ ನಿನ್ನೆಯಿಂದ ಬೇಕಾಯ್ತೇನೋ? ನಿನ್ನ ಹೆತ್ತೋಳು ಕಣೋ ನಾನು!" ಎಂದ ಅಮ್ಮ ದನಿ ತಗ್ಗಿಸಿದಳು. "ನಿನ್ನ ಸರೋಜ ದೊಡ್ಡಮ್ಮ ಹೋಗಿದ್ದು ಅದ್ರಲ್ಲೇ. ಊರಿಗೆಲ್ಲ ಹೊಟ್ಟೆನೋವು ಅಂದ್ವಿ. ಅವಳೂ ನಾಚ್ಕೊಂಡು ಡಾಕ್ಟ್ರಿಗೆ ಹಾಗೇ ಹೇಳ್ಕೊಂಡು ಬಂದ್ಲು."

ನನ್ನ ನೆನಪಿನಲ್ಲಿ ದೊಡ್ಡಮ್ಮ ಇಂದಿಗೂ ಹೊಟ್ಟೆ ಹಿಡಿದುಕೊಂಡೇ ಕೂತಿದ್ದಾಳೆ. ನಾನದನ್ನು ಕಣ್ಣಾರೆ ಕಂಡೆನೋ, ಮನೆಯವರು ಹೇಳಿದ್ದಕ್ಕೆ ಚಿತ್ರ ಕಟ್ಟಿಕೊಂಡೆನೋ, ಈಗ ಹೇಳಲಾರೆ.

"ಇಷ್ಟು ಚಿಕ್ಕೋಳಿಗೆ ಈಗ್ಲೇ ಯಾಕಂತೆ?" ಎಂದಳು ಅಮ್ಮ. ವೈರಸ್ಸು ಎದುರಾಗುವ ಮೊದಲೇ ಮೈ ಸಿದ್ಧವಾಗಿರಬೇಕು ಎಂಬ ಉತ್ತರವನ್ನು ಈ ಸಲ ಪೂರ್ತಿ ಅನುವಾದಿಸಿದೆ. "ಸರಿ ಮತ್ತೆ, ಹಾಲು ಒಡೆದ್ಮೇಲೆ ಹೆಪ್ಪು ಹಾಕಿ ಏನು ಬಂತು" ಎನ್ನುತ್ತಾ ಅಮ್ಮ ತಾನೇ ಇಳಾಳ ತೋಳಿನ ಬಟ್ಟೆ ಮೇಲೆತ್ತಿದಳು. ಸೂಜಿ ಹೋಗಿ ಬಂತು. "ದಟ್ಸ್ ಇಟ್?" ಎಂದಳು ಇಳಾ, ಕಣ್ಣು ತೆರೆದು.

ಡಾಕ್ಟರಮ್ಮ ನಕ್ಕು, ಅಜ್ಜಿಯ ಅನುಮಾನವೂ ಸುಳ್ಳಲ್ಲ, ಇದೇ ವೈರಸ್ಸು ಗಂಟಲಿಗೂ ಕ್ಯಾನ್ಸರ್ ತರುತ್ತದೆ, ಗಂಡಸರಿಗೂ ಬರುತ್ತದೆ ಎಂದರು. ನಿಮ್ಮ ವಯಸ್ಸು ನಲವತ್ತೈದರೊಳಗಿದ್ದರೆ ನಿಮಗೂ ಹಾಕುವ ಬಗ್ಗೆ ಮಾತಾಡಬಹುದು ಎಂದು ನನ್ನ ಕಡೆ ತಿರುಗಿದರು. ನನಗಿನ್ನೂ ನಲವತ್ಮೂರು. ಸೂಜಿಯೆಂದರೆ ನನಗೆ ಮೊದಲಿನಿಂದಲೂ ಆಗದು.

"ಏನಂತೋ ಡಾಕ್ಟ್ರು?" ಎಂದಳು ಅಮ್ಮ.

"ಏನಿಲ್ಲಮ್ಮ, ನಿಂಗೆ ನಮಸ್ಕಾರ ಹೇಳಿದ್ರು."

ಕನ್ನಡ ಆಡದ ನನ್ನ ಮಗಳು ಆಗ ಒಂದಕ್ಷರವನ್ನೂ ನುಂಗದೆ ಹೇಳಿದಳು: "ಅಜ್ಜೀ, ಅಪ್ಪಂಗೂ ಸೂಜಿ!"