ಅಕ್ಕ ಏಣಿಗೆ ಓಟು ಹಾಕಿದ್ದು

ಮನುಷ್ಯರಲ್ಲಿ ಕೆಲವರು ಹಾವಿಗೆ ಹೆದರುತ್ತಾರೆ, ಕೆಲವರು ಪೊಲೀಸರಿಗೆ, ಕೆಲವರು ಹೆಂಡತಿಗೆ. ಈ ಮೂರರ ಭಯವೂ ನನಗೆ ಅಷ್ಟಿಷ್ಟು ಇದೆ. ಆದರೆ ನಾನು ನಿಜವಾಗಿ ಹೆದರುವುದು, ನಗುನಗುತ್ತ "ಅದ್ನೇನು ಕೇಳ್ತೀರಿ, ನಿಮಗಲ್ಲದ ಇನ್ಯಾರಿಗೆ ಹಾಕ್ತೀವಿ?" ಎನ್ನುವವರಿಗೆ. ಬೈಯುವವರನ್ನು ನಂಬಬಹುದು. ಅವರು ಮರುದಿನ ಇನ್ನೊಮ್ಮೆ ಬೈಯುವುದಕ್ಕಾದರೂ ಬರುತ್ತಾರೆ. ಬಿಟ್ಟುಹೋಗಬೇಕೆಂದು ನಿಶ್ಚಯಿಸಿದವರು ಮಾತ್ರ ಎಂದಿಗಿಂತ ಹೆಚ್ಚು ಮರ್ಯಾದೆಯಿಂದ ಮಾತಾಡುತ್ತಾರೆ. ನಾನೇ ಒಮ್ಮೆ ದರ್ಜಿಯನ್ನು ಬದಲಿಸಿದ್ದೆ. ಹಳೆಯ ದರ್ಜಿಯ ಅಂಗಡಿಯ ಮುಂದೆ ಹಾಯುವಾಗೆಲ್ಲ ಹೊಸ ಅಂಗಿಯ ಮೇಲೆ ಶಲ್ಯ ಹೊದ್ದು, ಅವನ ಮಕ್ಕಳ ಕ್ಷೇಮಸಮಾಚಾರವನ್ನು ಒಬ್ಬೊಬ್ಬರದಾಗಿ ವಿಚಾರಿಸುತ್ತಿದ್ದೆ. ಪಾಪ, ಆತ ನನ್ನ ಪ್ರೀತಿ ಹೆಚ್ಚಾಯಿತೆಂದು ತಿಳಿದಿದ್ದ. ಇಷ್ಟು ಅನುಭವವಿದ್ದರೂ, ಮೊದಲನೆಯ ದೊಡ್ಡ ಚುನಾವಣೆ ಬಂದಾಗ ನಾನು ಆ ದರ್ಜಿಯಷ್ಟೇ ದಡ್ಡನಾದೆ.

ಆಗ ನಾನು ಬಳ್ಳಾರಿಯಲ್ಲಿ ಒಬ್ಬ ವಕೀಲರ ಗುಮಾಸ್ತ. ಅದರ ಜೊತೆಗೆ ನಮ್ಮ ಹಳೆಯ ಪಕ್ಷದ ವಾರ್ಡಿನ ಕಾರ್ಯದರ್ಶಿ. ಪಕ್ಷದಲ್ಲಿ ನನಗೆ ಒಂದು ತೂಕವಿತ್ತು, ಏಕೆಂದರೆ ನಲವತ್ತೆರಡರ ಚಳವಳಿಯಲ್ಲಿ ನಾನು ಸೆರೆಮನೆ ಕಂಡವನು. ನಿಜ ಹೇಳಬೇಕೆಂದರೆ, ಔಷಧಿ ತರಲು ಹೊರಟವನು ಮೆರವಣಿಗೆ ನೋಡುತ್ತ ರಸ್ತೆಯ ಅಂಚಿನಲ್ಲಿ ನಿಂತೆ. ಓಡುವವರೆಲ್ಲ ಓಡಿದರು. ನಾನು ಕಳಚಿದ ಚಪ್ಪಲಿಯನ್ನು ಹುಡುಕುತ್ತ ಬಗ್ಗಿದ್ದಾಗ ಪೊಲೀಸರು ಹಿಡಿದರು. ಲಾಕಪ್ಪಿನಲ್ಲಿ ಮೂರು ದಿನ ಇದ್ದೆ. ಮೊದಲ ದಿನ ಅತ್ತೆ, ಎರಡನೆಯ ದಿನ ಉಳಿದವರ ಜೊತೆ ಘೋಷಣೆ ಕೂಗಿದೆ, ಮೂರನೆಯ ದಿನ ದೇಶಭಕ್ತನಾಗಿ ಹೊರಗೆ ಬಂದೆ. ನಮ್ಮ ವಕೀಲರದು ಹಾಗಲ್ಲ. ಅವರು ಕೋರ್ಟು ಬಿಟ್ಟು, ತಿಳಿದೂ ತಿಳಿದೂ ಜೈಲಿಗೆ ಹೋಗಿ, ಹಲ್ಲು ಹಾಳು ಮಾಡಿಕೊಂಡು ಬಂದವರು. ಅವರೇ ಈಗ ಅಸೆಂಬ್ಲಿಗೆ ನಮ್ಮ ಅಭ್ಯರ್ಥಿ. ಕಂಟೋನ್ಮೆಂಟಿನ ಹಿಂದಿನ ನಮ್ಮ ಓಣಿಯಿಂದ ಹಿಡಿದು ಕುರುಗೋಡು, ಸಿರುಗುಪ್ಪದ ತನಕ ಕ್ಷೇತ್ರ. ಎದುರಾಳಿ ಯಾರು? ಕುರುಗೋಡಿನ ದವಾಖಾನೆಯಲ್ಲಿ ಔಷಧಿ ಕಲಸಿ ಕೊಡುತ್ತಿದ್ದ ಕಂಪೌಂಡರ್ ವೀರಭದ್ರಪ್ಪ! ಯಾವ ಪಕ್ಷವೂ ಇಲ್ಲದ ಸ್ವತಂತ್ರ ಮನುಷ್ಯ. ಒಂದು ಹಳೆಯ ಸೈಕಲ್ಲು, ಅದರ ಹ್ಯಾಂಡಲಿಗೆ ಒಂದು ಚೀಲ, ಗುರುತು ಏಣಿ. "ಏಣಿ ಹತ್ತಿ ಎಲ್ಲಿಗಿ ಹೊಕ್ಕಾನ್ರಿ, ಅಟ್ಟಕ್ಕೇನು?" ಎಂದು ನಾನು ಮಾಡಿದ ವಿನೋದಕ್ಕೆ ವಕೀಲರು ಎರಡು ಸಲ ನಕ್ಕರು. ಆ ಚುನಾವಣೆಯಲ್ಲಿ ನಮ್ಮ ಕಡೆಯವರು ಮನಸಾರೆ ನಕ್ಕದ್ದು ಅದೇ ಕಡೆಯದು.

ನನಗೆ ಮೊದಲು ಕಸಿವಿಸಿ ಹುಟ್ಟಿದ್ದು ಸಿರುಗುಪ್ಪದಲ್ಲಿ. ಅಲ್ಲಿ ನಮ್ಮ ಸಭೆ ಎರಡು ಕಡೆ ಇತ್ತು. ಕನ್ನಡದವರು ಹೆಚ್ಚಾಗಿದ್ದ ಓಣಿಯಲ್ಲಿ ವಕೀಲರು ಕನ್ನಡದಲ್ಲಿ ನಿಂತು, ಬೇರೆ ರಾಜ್ಯದಲ್ಲಿ ಸಿಕ್ಕಿಬಿದ್ದ ಈ ಜಿಲ್ಲೆ ಕನ್ನಡ ತಾಯಿಯ ಮಡಿಲಿಗೆ ಸೇರದ ಹೊರತು ನನಗೆ ನಿದ್ದೆಯಿಲ್ಲ ಎಂದರು. ಅಲ್ಲಿಂದ ಎರಡು ಓಣಿ ದಾಟಿ, ತೆಲುಗಿನವರ ನಡುವೆ ತೆಲುಗಿನಲ್ಲಿ ನಿಂತು, ನಾವೆಲ್ಲ ಅಣ್ಣತಮ್ಮಂದಿರು, ಜಿಲ್ಲೆ ಎಲ್ಲಿದೆಯೋ ಅಲ್ಲಿದ್ದರೆ ಯಾರಿಗೇನು ನಷ್ಟ, ಅವಸರ ಯಾಕೆ ಎಂದರು. ಎರಡೂ ಭಾಷಣ ಬರೆದವನು ನಾನೇ. ಎರಡೂ ಚೆನ್ನಾಗಿಯೇ ಇದ್ದವು. ನಾನು ಮರೆತದ್ದು ಒಂದನ್ನೇ: ಸಿರುಗುಪ್ಪದಲ್ಲಿ ಎರಡು ಭಾಷೆ ಬಾರದ ಮನುಷ್ಯ ಸಿಗುವುದು ಕಷ್ಟ. ಮೊದಲ ಸಭೆಯ ಜನ ಎದ್ದು ಎರಡನೆಯ ಸಭೆಗೂ ಬಂದು ಕೂತಿದ್ದರು. ಭಾಷಣ ಮುಗಿದ ಮೇಲೆ ಮುದುಕ ರೈತನೊಬ್ಬ ಎದ್ದು ಕೈ ಮುಗಿದ. "ಸಾಹೇಬ್ರ, ನೀವು ಜೈಲಿಗಿ ಹೋದಾಗ ನಮ್ಮ ಮನ್ಯಾಗ ಒಲಿ ಹಚ್ಚಿದ್ದಿಲ್ಲ. ಖರೆ ಹೇಳ್ತೀನಿ. ಜೈಲಿಂದ ಬಂದ ಮ್ಯಾಲೆ ನೀವು ನಮ್ಮನಿಗಿ ಬರ್ತೀರಂತ ಕಾದ್ವಿ. ಬಂದ್ರಿ. ಆದ್ರ ಲೆವಿ ಅಂತ ಸರಕಾರಕ್ಕ ಭತ್ತ ಅಳಕೊಂಡು ಹೋಗೋರ ಜೋಡಿ ಬಂದ್ರಿ." ಅಷ್ಟು ಹೇಳಿ, ಇನ್ನೊಮ್ಮೆ ಕೈ ಮುಗಿದು ಕೂತುಬಿಟ್ಟ. ಸಿಟ್ಟಿಲ್ಲ, ಸೆಡವಿಲ್ಲ. ವಕೀಲರು ಕಾರಿನಲ್ಲಿ ಕೂತ ಮೇಲೆ, "ಏನೇ ಅಂದ್ರೂ ನಮ್ಮ ಮ್ಯಾಲೆ ಭಕ್ತಿ ಐತಿ ನೋಡು, ಸಿದ್ದಪ್ಪ" ಎಂದರು. ನಾನು "ಐತ್ರಿ" ಎಂದೆ.

ಅಂದಿನಿಂದ ನಾನು ಕೂತಲ್ಲಿ ಕೂರಲಿಲ್ಲ. ಬಾದನಹಟ್ಟಿಗೆ ಹೋದರೆ ನಮ್ಮ ಹಳೆಯ ಕಾರ್ಯಕರ್ತನ ಕಟ್ಟೆಗೇ ವೀರಭದ್ರಪ್ಪನ ಸೈಕಲ್ಲು ಒರಗಿತ್ತು. "ಮುದುಕಿಗಿ ಸೂಜಿ ಮಾಡಾಕ ಬಂದಾನ್ರಿ, ರಾಜಕಾರಣ ಏನಿಲ್ಲ" ಎಂದು ಆ ಕಾರ್ಯಕರ್ತ ಎರಡೆರಡು ಸಲ ಹೇಳಿದ. ಒಂದೇ ಸಲ ಹೇಳಿದ್ದರೆ ನಂಬುತ್ತಿದ್ದೆ. ಮನೆಗೆ ಬಂದು ಹೆಂಡತಿ ಪಾರ್ವತಿಯನ್ನು, "ನೀ ಯಾರಿಗೆ ಹಾಕ್ತಿ?" ಎಂದು ಕೇಳಿದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ರೇಷನ್ ಅಂಗಡಿಯ ಅಕ್ಕಿ. ಅದರಲ್ಲಿ ಕಲ್ಲು ಆರಿಸುವುದಕ್ಕಿಂತ ಅಕ್ಕಿ ಆರಿಸುವುದು ಸುಲಭ. ತಲೆ ಎತ್ತದೆ, "ಈ ಅಕ್ಕಿ ತಿನ್ನಾಕ ಹಚ್ಚಿದವ್ರಿಗೇ ಹಾಕ್ಬೇಕಲ್ರೀ" ಎಂದಳು. ಇದು ಹೌದೋ ಅಲ್ಲವೋ ಎಂದು ನಾನು ಎರಡು ದಿನ ಯೋಚಿಸಿದೆ. ಮೂರನೆಯ ದಿನ, ಯೋಚಿಸುವುದೇ ಬೇಡವೆಂದು ಕುರುಗೋಡಿನ ಬಸ್ಸು ಹತ್ತಿದೆ.

ಕುರುಗೋಡಿನಲ್ಲಿ ನನ್ನ ಅಕ್ಕ ನೀಲವ್ವ ಇದ್ದಳು. ನನ್ನನ್ನು ಎತ್ತಿ ಆಡಿಸಿದವಳು. ಭಾವ ತೀರಿಕೊಂಡ ಮೇಲೆ ಒಬ್ಬಳೇ ನಿಂತು ಹೊಲ ಮಾಡಿಸುತ್ತಿದ್ದಳು. ಅವಳ ಮಾತೆಂದರೆ ಆ ಓಣಿಯ ಹೆಂಗಸರಿಗೆ ಮುಗಿಯಿತು. ಆ ಮಳೆಗಾಲದಲ್ಲಷ್ಟೇ, ನೋಡಬೇಕೆನಿಸಿತೆಂದು ಅಷ್ಟು ದೂರ ಬಸ್ಸು ಹಿಡಿದು ನಮ್ಮ ಆಫೀಸಿಗೇ ಬಂದು ಹೋಗಿದ್ದಳು. ಎಷ್ಟು ಪ್ರೀತಿ! ಹಾಗಾಗಿ ಅವಳ ಮುಂದೆ ಕೂತು ನಾನು ಧೈರ್ಯವಾಗಿಯೇ ಹೇಳಿದೆ: "ಅಕ್ಕ, ಓಣಿಯ ಹೆಣ್ಣುಮಕ್ಕಳನ್ನೆಲ್ಲ ನೀನ ಕರಕೊಂಡು ಬರಬೇಕು." ಅವಳು ಮಜ್ಜಿಗೆ ಕೊಡುತ್ತ, "ಕರಕೊಂಡು ಬರ್ತೀನಿ ತಮ್ಮ, ಒಬ್ಬಾಕಿನ್ನೂ ಬಿಡೂದಿಲ್ಲ" ಎಂದಳು. ನಾನು ಮಜ್ಜಿಗೆ ಕುಡಿದು ಹಗುರಾಗಿ ಬಳ್ಳಾರಿಗೆ ಬಂದೆ. ಕುರುಗೋಡಿನ ಹೆಂಗಸರ ಬೂತಿಗೆ ನಾನೇ ಏಜೆಂಟಾಗಿ ಕೂರುತ್ತೇನೆಂದು ವಕೀಲರಿಂದ ಕೇಳಿ ಪಡೆದುಕೊಂಡೆ. ಗೆಲ್ಲುವ ಬೂತಿನಲ್ಲಿ ಕೂರುವುದು ಯಾರಿಗೆ ಬೇಡ?

ಓಟಿನ ದಿನ ಶಾಲೆಯ ಕೋಣೆಯೊಳಗೆ ಕಂಬಳಿ ಕಟ್ಟಿ ಮರೆ ಮಾಡಿದ್ದರು. ಮರೆಯ ಹಿಂದೆ ಎರಡು ಪೆಟ್ಟಿಗೆ: ಒಂದು ನಮ್ಮದು, ಒಂದು ಏಣಿಯದು. ಯಾರಿಗೆ ಬೇಕೋ ಅವರ ಪೆಟ್ಟಿಗೆಯಲ್ಲಿ ಚೀಟಿ ಇಳಿಬಿಡಬೇಕು. ಬಿಸಿಲು ಏರುವ ಮೊದಲೇ ಅಕ್ಕ ತನ್ನ ದಂಡಿನೊಂದಿಗೆ ಬಂದಳು. ಮಡಿಸೀರೆ ಉಟ್ಟು, ಸೆರಗು ಹೊದ್ದು, ಮದುವೆಗೆ ಹೊರಟವರ ಹಾಗೆ ಬಂದಿದ್ದರು. ಅಂದು ನಾನು ಒಂದು ವಿಶೇಷ ಕಂಡೆ. ಅಧಿಕಾರಿ ಹೆಸರು ಕೇಳಿದ ಕೂಡಲೇ ಒಬ್ಬೊಬ್ಬಳೂ ಎದೆ ಸೆಟೆಸಿ, ಬೀದಿಗೆ ಕೇಳುವ ಹಾಗೆ "ನೀಲವ್ವ!" "ಈರಮ್ಮ!" "ಹುಲಿಗೆಮ್ಮ!" ಎಂದು ಕೂಗಿ ಹೇಳುತ್ತಿದ್ದಳು. ಇದು ನಮ್ಮ ಪಕ್ಷದ ಮೇಲಿನ ಹುಮ್ಮಸ್ಸೆಂದು ನಾನು ತಿಳಿದೆ. ಹೊರಗೆ ಬಂದ ಅಕ್ಕ ನನ್ನನ್ನು ನೋಡಿ, "ಮುಖ ಬಾಡ್ಯಾದಲ್ಲೋ, ಉಂಡಿಯೇನು?" ಎಂದಳು. ಸ್ವಲ್ಪ ಹೊತ್ತಿಗೆ ರೊಟ್ಟಿ, ಪುಂಡಿಪಲ್ಯ ಬಂತು. ಸಂಜೆ ಬಾಗಿಲು ಹಾಕುವ ತನಕ ನಾನು ಆ ಬೆಂಚು ಬಿಟ್ಟು ಏಳಲಿಲ್ಲ. ಜೀವಮಾನದಲ್ಲಿ ಒಂದೇ ಕಡೆ ಅಷ್ಟು ಹೊತ್ತು ಕೂತದ್ದು ಅದೇ ಮೊದಲು.

ಎಣಿಕೆ ಬಳ್ಳಾರಿಯಲ್ಲಿ ನಡೆಯಿತು. ಕುರುಗೋಡಿನ ಹೆಂಗಸರ ಬೂತಿನ ಸರದಿ ಬಂದಾಗ ನಾನು ವಕೀಲರ ತೋಳು ಹಿಡಿದು ಮುಂದಕ್ಕೆ ಕರೆತಂದೆ. ನಮ್ಮ ಪೆಟ್ಟಿಗೆಯನ್ನು ಬೋರಲು ಹಾಕಿದರು. ಮೊದಲು ಒಂದು ಚೆಂಡುಹೂ ಬಿತ್ತು. ಯಾರೋ ಪೆಟ್ಟಿಗೆಯನ್ನು ದೇವರೆಂದು ತಿಳಿದು ಏರಿಸಿದ್ದಿರಬೇಕು. ಅದರ ಹಿಂದೆ ಒಂದು ಹಿಡಿಗೂ ಬಾರದಷ್ಟು ಚೀಟಿ ಉದುರಿದವು. ಏಣಿಯ ಪೆಟ್ಟಿಗೆಯನ್ನು ಬೋರಲು ಹಾಕಿದರೆ ಮೇಜು ತುಂಬಿ, ಚೀಟಿಗಳು ಕೆಳಗೆ ನನ್ನ ಕಾಲ ಮೇಲೂ ಬಿದ್ದವು. ವಕೀಲರು ಬಹಳ ಹೊತ್ತು ಆ ಹೂವನ್ನು ನೋಡಿದರು. ಜೈಲಿನಲ್ಲೂ ಬಾಡದಿದ್ದ ಆ ಮುಖ ಅಂದು ಬಾಡಿತು. "ನಾ ಏನು ತಪ್ಪು ಮಾಡೀನಿ, ಸಿದ್ದಪ್ಪ?" ಎಂದು ಮೆಲ್ಲಗೆ ಕೇಳಿದರು. ಅವರು ಸೋತದ್ದಕ್ಕಿಂತ ಆ ಪ್ರಶ್ನೆಯೇ ನನಗೆ ಹೆಚ್ಚು ನೋವು ಕೊಟ್ಟಿತು. ಅದೇ ನೋವಿನಲ್ಲಿ, ಅದಕ್ಕಿಂತ ಹೆಚ್ಚಿನ ಸಿಟ್ಟಿನಲ್ಲಿ, ಮರುದಿನ ಕುರುಗೋಡಿಗೆ ಹೋದೆ.

ಅಕ್ಕ ಪಡಸಾಲೆಯಲ್ಲಿ ಹತ್ತಿ ಬಿಡಿಸುತ್ತ ಕೂತಿದ್ದಳು. ನಾನು ನಿಂತೇ ಕೇಳಿದೆ. "ನೀ ಯಾರಿಗೆ ಹಾಕಿದಿ?"

"ಏಣಿಗಿ ಹಾಕೀನಿ" ಎಂದಳು. ನಾಚಿಕೆಯಿಲ್ಲ, ಅಳುಕಿಲ್ಲ.

"ಒಡಹುಟ್ಟಿದ ತಮ್ಮನಿಗೆ ಹಿಂಗ ಮಾಡ್ತಾರೇನು? ಆ ಕಂಪೌಂಡರ್ ನಿನಗೇನು ಕೊಟ್ಟಾನ?"

"ಕುಂದ್ರು, ಹೇಳ್ತೀನಿ" ಎಂದಳು ಅಕ್ಕ. "ಓಟಿನ ಪಟ್ಟಿ ಬರ್ಯಾಕ ಬಂದಿದ್ರಲ್ಲ, ಅವತ್ತು ನೀ ಇಲ್ಲೇ ಕಟ್ಟಿ ಮ್ಯಾಲೆ ಕುಂತಿದ್ದಿ. ನೆಪ್ಪೈತೇನು? ಮನ್ಯಾಗ ಹೆಣ್ಣುಮಕ್ಕಳ ಹೆಸರು ಏನಂತ ಅವ್ರು ಕೇಳಿದ್ರು. ನಾ ಬಾಗಿಲ ಹಿಂದ ನಿಂತು ಹೇಳಾಕ ಬಾಯಿ ತೆಗೀತಿದ್ನಿ. ನೀ ಏನಂದಿ? 'ಚನ್ನಬಸಪ್ಪನ ಹೆಂಡ್ತಿ ಅಂತ ಬರಕೊಳ್ರಿ, ಸಾಕು' ಅಂದಿ. ಇಡೀ ಓಣಿಗೆ ಹಂಗ ಬರಿಸಿದಿ. ಇಂಥವರ ಹೆಂಡ್ತಿ, ಇಂಥವರ ತಾಯಿ. ಆಮ್ಯಾಲೆ ಏನಾತು? ಹೆಸರಿಲ್ಲದ ಹೆಂಗಸರು ಪಟ್ಟ್ಯಾಗ ಇರಂಗಿಲ್ಲ ಅಂತ ಸರಕಾರದವ್ರು ಎಲ್ಲಾರನ್ನೂ ಹೊಡೆದು ಹಾಕಿದ್ರು."

ನನಗೆ ನೆನಪಾಯಿತು. ಅಂದು ಬೇಗ ಮುಗಿಸಿ ಬಸ್ಸು ಹಿಡಿಯಬೇಕಿತ್ತು. "ಅದನ್ನ ನನಗೊಂದು ಮಾತು ಹೇಳಬೇಕಿಲ್ಲೇನು?" ಎಂದೆ.

"ಹೇಳಾಕ ಬಂದಿದ್ನಲ್ಲೋ!" ಅಕ್ಕನ ದನಿ ಮೊದಲ ಸಲ ಏರಿತು. "ಮಳೆಗಾಲದಾಗ ನಿಮ್ಮ ಆಫೀಸಿಗಿ ಬಂದಿದ್ದು ಮತ್ಯಾಕ? ಮುಂಜಾನಿಂದ ಬೆಂಚಿನ ಮ್ಯಾಲೆ ಕುಂತಿದ್ನಿ. ಪಟ್ಟಿ ವಿಷ್ಯ ಅಂತ ಬಾಯಿ ತೆಗೆದ್ರ, 'ಸಾಹೇಬರಿಗೆ ಪುರಸೊತ್ತಿಲ್ಲ, ಈ ಸಣ್ಣ ಮಾತು ಆಮ್ಯಾಲೆ ನೋಡೋಣಕ್ಕ' ಅಂದಿ. ಕಾಫಿ ಕುಡಿಸಿ ಮಧ್ಯಾಹ್ನದ ಬಸ್ಸಿಗಿ ಹತ್ತಿಸಿದಿ. ವೀರಭದ್ರಪ್ಪ ಸೈಕಲ್ ಮ್ಯಾಲೆ ಬಂದು, ಕಟ್ಟಿ ಮ್ಯಾಲೆ ತಲಿ ಬಗ್ಗಿಸಿ ಕುಂತು, 'ತಾಯೀ, ನಿಮ್ಮ ಹೆಸರೇನ್ರಿ?' ಅಂತ ಒಬ್ಬೊಬ್ಬರನ್ನೇ ಕೇಳಿ ಅರ್ಜಿ ಬರೆದು, ಎಲ್ಲಾರನ್ನೂ ಪಟ್ಟ್ಯಾಗ ಸೇರಿಸಿದ. ಈರಮ್ಮಗ ಅರವತ್ತು ದಾಟೈತಿ. ಮದುವಿ ಆದ ಮ್ಯಾಲೆ ತನ್ನ ಹೆಸರು ಯಾರೂ ಕೇಳಿದ್ದಿಲ್ಲ ಅಂತ ಅತ್ತಳು. ನಿಮ್ಮ ಪಕ್ಷದ ಮ್ಯಾಲೆ ನನಗ ಸಿಟ್ಟಿಲ್ಲ, ತಮ್ಮ. ನಿಮ್ಮ ಸಾಹೇಬರು ದೊಡ್ಡವರು. ಆದ್ರ ಅವ್ರ ಬಾಗಿಲ ಮುಂದ ನೀ ಕುಂತಿದ್ದಿ. ನಾ ದಾಟಿ ಒಳಗ ಹೋಗಾಕ ಆಗಲಿಲ್ಲ."

ಸೋತವನಿಗೆ ಇರುವುದು ದನಿಯೊಂದೇ, ಅದನ್ನೇ ಎತ್ತಿದೆ. "ಏನ ಆಗ್ಲಿ, ನಂಬಿದವ್ರ ಕೈ ಬಿಡಬಾರದು!"

ಅಕ್ಕ ಹತ್ತಿ ಕೆಳಗಿಟ್ಟು ತನ್ನ ಬೆರಳು ತೋರಿಸಿದಳು. ಓಟಿನ ದಿನ ಹಚ್ಚಿದ ಮಸಿ ಉಗುರಿನ ಬುಡದಲ್ಲಿ ಇನ್ನೂ ಕಪ್ಪಗಿತ್ತು. "ನಾನಂತೂ ಹಾಕೀನಿ. ನಿನ್ನ ಬೊಟ್ಟು ತೋರ್ಸು ನೋಡೂಣು" ಎಂದಳು.

ನಾನು ಎಡಗೈ ಮುಂದೆ ಮಾಡಿ, ನಾನೂ ನೋಡಿಕೊಂಡೆ. ಬೆರಳು ತೊಳೆದಿಟ್ಟ ಬೆಂಡೆಕಾಯಿಯ ಹಾಗೆ ಸ್ವಚ್ಛವಾಗಿತ್ತು. ನನ್ನ ಓಟು ಇದ್ದದ್ದು ಬಳ್ಳಾರಿಯಲ್ಲಿ. ನಾನು ಬೆಳಗಿನಿಂದ ಸಂಜೆಯ ತನಕ ಕುರುಗೋಡಿನ ಬೆಂಚಿನ ಮೇಲೆ ರೊಟ್ಟಿ ತಿನ್ನುತ್ತ, ಗೆದ್ದೆವೆಂದು ಕೂತಿದ್ದೆ. ಊರಿನ ಓಟನ್ನೆಲ್ಲ ಕೇಳುತ್ತ ತಿಂಗಳುಗಟ್ಟಲೆ ಅಲೆದವನಿಗೆ ತನಗೂ ಒಂದು ಇದೆಯೆಂಬುದು ಹೊಳೆದಿರಲೇ ಇಲ್ಲ. ಅಕ್ಕ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. "ಉಂಡು ಹೋಗು" ಎಂದಳು. ಉಂಡೆ.

ಮುಂದಿನ ವಾರ ವಕೀಲರು, ಜನ ನಮ್ಮನ್ನು ಯಾಕೆ ಬಿಟ್ಟರೆಂದು ಒಂದು ವರದಿ ಬರೆದು ಕೊಡು ಎಂದರು. ಬರೆದೆ. ಲೆವಿ ಬರೆದೆ, ರೇಷನ್ ಅಕ್ಕಿ ಬರೆದೆ, ಎರಡು ಓಣಿಯ ಎರಡು ಭಾಷಣವನ್ನೂ ಮೆತ್ತಗೆ ಬರೆದೆ. ಹೆಂಗಸರ ಹೆಸರು ಕೇಳದೆ ಪಟ್ಟಿ ಮಾಡಿಸಿದರೆಂದೂ ಬರೆದೆ. ಮಾಡಿಸಿದವರು ಯಾರೆಂದು ಬರೆಯಲು ಜಾಗ ಸಾಲಲಿಲ್ಲ. ಕೊನೆಗೆ ಪುಟ ತುಂಬಲೆಂದು 'ಕೆಲವು ಕಾರ್ಯಕರ್ತರ ಉದಾಸೀನ' ಎಂದು ಸೇರಿಸಿದೆ. ವಕೀಲರು ಉಳಿದದ್ದನ್ನೆಲ್ಲ ಸುಮ್ಮನೆ ಓದಿ, ಆ ಸಾಲಿನ ಕೆಳಗೆ ಕೆಂಪು ಪೆನ್ಸಿಲಿನಿಂದ ಎರಡು ಗೆರೆ ಎಳೆದರು. "ಇದು ಖರೆ ಮಾತು, ಸಿದ್ದಪ್ಪ. ಸ್ವಂತ ಓಟು ಸೈತ ಹಾಕದವ್ರು ನಮ್ಮೊಳಗ ಅದಾರಂತ ನಾನೂ ಕೇಳೀನಿ. ಅವ್ರು ಯಾರಂತ ಗುಟ್ಟಾಗಿ ತಪಾಸ ಮಾಡಿ ನನಗ ಹೆಸರು ಕೊಡು. ಈ ಕೆಲಸಕ್ಕ ನಿನಗಿಂತ ನಂಬಿಗಸ್ತ ನನಗ ಯಾರದಾರ?"

ನಾನು ಎಡಗೈಯನ್ನು ಅಂಗಿಯ ಜೇಬಿಗೆ ಇಳಿಸಿ, "ಆಗ್ಲಿರಿ, ಸಾಹೇಬ್ರ" ಎಂದೆ. ತಪಾಸಣೆ ಇನ್ನೂ ನಡೆದಿದೆ.