ದೊರೆಯ ಬೂಟು, ಬೈಲಪ್ಪನ ತಲೆ

‘ಗೊತ್ತಿಲ್ಲ’ ಅನ್ನುವ ಒಂದೇ ಒಂದು ಮಾತು ನಾಲಿಗೆಗೆ ಬಂದಿದ್ದರೆ ಆವತಿಯ ಬೈಲಪ್ಪನಿಗೆ ಆ ಗತಿ ಬರುತ್ತಿರಲಿಲ್ಲ. ಬರಬೇಕಲ್ಲ! ಹಳ್ಳಿಯವರ ಆಚಾರ ವಿಚಾರ ಓದುತ್ತೇನೆಂದು ಇಂಗ್ಲೆಂಡಿನಿಂದ ಬಂದ ಹಾರ್ಪರ್ ದೊರೆ, ಯುದ್ಧ ಶುರುವಾಗಿ ಹಡಗು ಸಿಗದೆ, ಬೈಲಪ್ಪನ ಪಡಸಾಲೆಯಲ್ಲೇ ಏಳು ವರ್ಷ ಬೇರು ಬಿಟ್ಟಿದ್ದ. ದಿನಾ ಪ್ರಶ್ನೆ ಕೇಳುವುದೇ ಅವನ ಕಸುಬು. ಗೊತ್ತಿದ್ದರೆ ಬೈಲಪ್ಪ ಹೇಳುತ್ತಿದ್ದ. ಗೊತ್ತಿಲ್ಲದಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದ.

ಯುದ್ಧ ಮುಗಿದು ಕೊನೆಗೂ ಹಡಗು ಸಿಕ್ಕಿತು. ದೊರೆ ಮಂಚ, ಲಾಂದ್ರ ಎಲ್ಲಾ ಊರವರಿಗೆ ಹಂಚಿ ಪೆಟ್ಟಿಗೆ ಕಟ್ಟಿದ. ಅವತ್ತೇ ಬೈಲಪ್ಪನ ಮಗಳನ್ನು ನೋಡಲು ಸಾಸಲಿನವರು ಬರುವವರಿದ್ದರು. ಮನೆಯಲ್ಲಿ ಪರಂಗಿಯವನಿದ್ದಾನೆಂದೇ ಹಿಂದೆ ಎರಡು ಸಂಬಂಧ ತಪ್ಪಿಹೋಗಿದ್ದವು.

“ಅವ್ರು ಬರೋದ್ರೊಳಗೆ ಈವಯ್ಯನ್ನ ಊರು ದಾಟಿಸ್ಬಿಡಿ. ಇದೂ ತಪ್ಪಿದ್ರೆ ನಾನು ಬಾವಿಗೆ ಬೀಳ್ತೀನಿ!” ಎಂದಿದ್ದಳು ಹೆಂಡತಿ ಅಕ್ಕಯಮ್ಮ.

ಹೊಸಿಲು ದಾಟಿದ ದೊರೆ ತಟ್ಟನೆ ನಿಂತು ಬೂಟು ಬಿಚ್ಚಿದ.

“ಬೈಲಪ್ಪನವರೇ, ತಮ್ಮ ಪದ್ಧತಿ?”

“ಯಾವ ಪದ್ಧತಿ ಸ್ವಾಮಿ?”

“ಬಹುಕಾಲ ತಂಗಿದ ಅತಿಥಿ ಹೊರಟಾಗ ಅವನ ಪಾದರಕ್ಷೆಗಳನ್ನು ಯಜಮಾನನು ತಲೆಯ ಮೇಲೆ ಹೊತ್ತು ಊರ ಗಡಿಗೆ ಬಿಡಬೇಕು. ಮೊದಲ ವರ್ಷವೇ ತಾವು ಹೇಳಿದ್ದೀರಿ.”

ಬೈಲಪ್ಪನಿಗೆ ನೆನಪಾಯಿತು. ಅವತ್ತು ದೊರೆ ಕೊಟ್ಟ ಬಿಸ್ಕತ್ತು ಬಾಯಲ್ಲಿತ್ತು, ಏನೋ ಅಂದುಬಿಟ್ಟಿದ್ದ.

“ಅದೂ... ಈಗೀಗ ಯಾರೂ ಮಾಡಲ್ಲ ಸ್ವಾಮಿ.”

ಬೇಲಿಯಾಚೆಯಿಂದ ಪಕ್ಕದ ಮನೆಯ ಸೊಣ್ಣಪ್ಪ ಇಣುಕಿದ. ಹೊಲದ ಬದುವಿನ ಜಗಳ ಅವನ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿತ್ತು. “ಯಾಕ್ಲಾ ಬೈಲ, ನಿಮ್ಮ ತಾತ ಹೊತ್ತಿದ್ನ ನಾನೇ ಕಣ್ಣಾರೆ ನೋಡಿದೀನಿ! ಬಿಡಬೇಡಿ ದೊರೆ!”

ದೊರೆಯ ಮುಖ ಬಾಡಿತು. “ಇದು ಸುಳ್ಳಾದರೆ, ತಾವು ಹೇಳಿದ ಮಿಕ್ಕದ್ದೂ...?”

ಪಾಪ, ಏಳು ವರ್ಷದ ಓದು! “ನಿಜ ಸ್ವಾಮಿ, ಎಲ್ಲಾ ನಿಜ,” ಎಂದು ಬೈಲಪ್ಪ ರುಮಾಲು ಬಿಚ್ಚಿ, ಬೂಟು ಹೊತ್ತ.

ಸೊಣ್ಣಪ್ಪ ಊರಿಗೆಲ್ಲ ಸಾರಿದ. ಹೆಂಗಸರು ಸೆರಗು ಬಾಯಿಗಿಟ್ಟು ಕಿಸಿಕಿಸಿ ನಕ್ಕರು. ಅಕ್ಕಯಮ್ಮ ದಡಾರನೆ ಬಾಗಿಲು ಹಾಕಿಕೊಂಡಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ಬೈಲಪ್ಪನಿಗೆ. ಬೇಗ ಹೋಗೋಣವೆಂದರೆ ಬರಿಗಾಲಿನ ದೊರೆ ಹೆಜ್ಜೆಗೊಂದು ಮುಳ್ಳು ತುಳಿದು ಕುಂಟುತ್ತಿದ್ದ.

ಗಡಿ ಮುಟ್ಟುವುದಕ್ಕೂ ಇದ್ದಲಿನ ಹೊಗೆಯಲ್ಲಿ ಓಡುವ ಬಸ್ಸು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಇಳಿದವರು ಯಾರು ಅಂತೀರಿ? ಸಾಸಲಿನ ವೆಂಕಟರಾಯಪ್ಪ, ಗಂಡಿನ ಅಪ್ಪ, ಬಳಗದ ಸಮೇತ!

“ಏನಪ್ಪಾ ಬೈಲಪ್ಪ, ಇದೇನು ತಲೆ ಮೇಲೆ?”

ಜನ್ಮದಲ್ಲಿ ಮೊದಲ ಸಲ ಬೈಲಪ್ಪನ ಬಾಯಲ್ಲಿ ಆ ಮಾತು ಬಂತು. “ಗೊತ್ತಿಲ್ಲ.”

ಆದರೆ ದೊರೆಗೆ ಗೊತ್ತಿತ್ತಲ್ಲ! ಪದ್ಧತಿಯನ್ನು ಎಳೆಎಳೆಯಾಗಿ ಬಿಡಿಸಿ ಹೇಳಿದ, ಬೈಲಪ್ಪನನ್ನು ತಬ್ಬಿಕೊಂಡು ಅತ್ತ, ಬೂಟು ಇಸಿದುಕೊಂಡು ಬಸ್ಸು ಹತ್ತಿ ಹೋದ.

ವೆಂಕಟರಾಯಪ್ಪ ತುಸು ಹೊತ್ತು ಮೀಸೆ ತಿರುವಿದ. ಮಗಳ ಮದುವೆ ಮುರಿದಂತೆಯೇ ಎಂದು ಬೈಲಪ್ಪ ತಲೆ ತಗ್ಗಿಸಿ ನಿಂತ.

“ಭೇಷ್ ಕಣಯ್ಯಾ! ಪರಂಗಿಯೋನಿಗೇ ಇಷ್ಟು ಮರ್ವಾದೆ ಮಾಡೋನು, ಬೀಗರಿಗೆ ಕಮ್ಮಿ ಮಾಡ್ತೀಯಾ? ಹುಡುಗೀನ ನೋಡೋದೇ ಬೇಡ, ಸಂಬಂಧ ಗಟ್ಟಿ!”

ಬೈಲಪ್ಪನಿಗೆ ಹೋದ ಜೀವ ಬಂದಂತಾಯಿತು. ಕೈಮುಗಿಯಲು ಹೋದ. ಅಷ್ಟರಲ್ಲಿ ವೆಂಕಟರಾಯಪ್ಪ ತನ್ನ ಬಳಗದತ್ತ ತಿರುಗಿ ಕೂಗಿದ:

“ಕೇಳಿದ್ರೇನ್ರೋ? ಮದುವೆಗೆ ಊರಿಗೂರೇ ಒಂದು ವಾರ ಮುಂಚೆ ಬಂದು ತಂಗೋಣ. ಕಾಲಿಗೆ ಮೆಟ್ಟಿಲ್ಲದೋರು ಇವತ್ತೇ ಹೊಲಿಸ್ಕೊಳ್ರೋ!”